ವಿಸ್ಲರ್ ಮೌಂಟನ್ ಬೈಕ್ ಪಾರ್ಕ್: ಲಿಫ್ಟ್ ಏರಿ ಸೈಕಲ್ಲಿನಲ್ಲಿ ಇಳಿಯುವ ಕೆನಡಾದ ಕ್ರಮ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಿಸ್ಲರ್‌ನಲ್ಲಿರುವ ಮೌಂಟನ್ ಬೈಕ್ ಪಾರ್ಕಿನಷ್ಟು ಹೆಸರು ಮಾಡಿದ ಸೈಕಲ್ ತಾಣ ಜಗತ್ತಿನಲ್ಲಿ ಇನ್ನೊಂದು ಸಿಗುವುದು ಕಷ್ಟ. ಚಳಿಗಾಲದಲ್ಲಿ ಸ್ಕೀಯಿಂಗ್ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳೇ ಮೇ ತಿಂಗಳ ನಡುವಿನಿಂದ ಅಕ್ಟೋಬರ್ ತಿಂಗಳ ಮೊದಲ ವಾರಗಳವರೆಗೆ ಸವಾರರನ್ನೂ ಅವರ ಸೈಕಲ್ಲುಗಳನ್ನೂ ಹೊತ್ತೊಯ್ಯುತ್ತವೆ. ಸವಾರರು ಅಲ್ಲಿಂದ ಕಡಿದು ಹದಗೊಳಿಸಿದ ಹಾದಿಗಳಲ್ಲಿ ಇಳಿದು ಬಂದು ಮತ್ತೆ ಲಿಫ್ಟಿನ ಸರತಿಯಲ್ಲಿ ನಿಲ್ಲುತ್ತಾರೆ. ವ್ಯಾಂಕೂವರ್‌ನಿಂದ ಸುಮಾರು 120 ಕಿಲೋಮೀಟರ್ ದೂರದ ಈ ಊರು ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ದಿನದ ಪ್ರವಾಸ. ಗಡಿಯಾಚೆಯ ಸಿಯಾಟಲ್‌ನವರಿಗೆ ಒಂದು ವಾರಾಂತ್ಯದ ಕಾರ್ಯಕ್ರಮ. ಹಣ ಕೊಟ್ಟು ಹೋಗುವವರಿಗೆ ಅಲ್ಲಿ ಸಿಗುವುದೇನು, ಸಿಗದೇ ಇರುವುದೇನು ಎಂಬುದನ್ನು ಈ ಬರಹದಲ್ಲಿ ಪರಿಶೀಲಿಸಿದ್ದೇನೆ. ಹಾಗೆ ಪರಿಶೀಲಿಸುವಾಗ ಬೇರೆ ದೇಶಗಳ ಕಡೆಗೂ ನೋಡದೆ ವಿಧಿಯಿಲ್ಲ. ಒಂದು ದೇಶದಲ್ಲಿ ಮೌಂಟನ್ ಬೈಕಿಂಗ್ ಯಾವ ರೂಪ ತಳೆಯುತ್ತದೆ ಎನ್ನುವುದನ್ನು ಅಲ್ಲಿನ ಬೆಟ್ಟಗಳ ಎತ್ತರಕ್ಕಿಂತ ಹೆಚ್ಚಾಗಿ, ಕಾಡು ಯಾರ ಒಡೆತನದಲ್ಲಿದೆ, ಹಾದಿಯನ್ನು ಯಾರು ಕಡಿಯುತ್ತಾರೆ, ಸವಾರ ಬಿದ್ದರೆ ಹೊಣೆ ಯಾರ ಮೇಲೆ ಬರುತ್ತದೆ ಎಂಬ ಸಂಗತಿಗಳೇ ನಿರ್ಧರಿಸಿವೆ ಎಂಬುದು ನನ್ನ ಖಚಿತ ಅಭಿಪ್ರಾಯ. ವಿಸ್ಲರ್‌ನ ಹಿರಿಮೆಗೂ ಅದರ ಮಿತಿಗೂ ಕಾರಣ ಅಲ್ಲೇ ಇದೆ.

ಈ ಕ್ರೀಡೆ ರೂಪುಗೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯ ಗೆಳೆಯರ ಗುಂಪೊಂದು ದಪ್ಪ ಟಯರಿನ ಹಳೆಯ ಷ್ವಿನ್ ಸೈಕಲ್ಲುಗಳನ್ನು ಬೆಟ್ಟದ ಕಚ್ಚಾ ರಸ್ತೆಗಳಲ್ಲಿ ಇಳಿಸುವ ಹುಚ್ಚು ಹತ್ತಿಸಿಕೊಂಡಿತ್ತು. ಚಾರ್ಲಿ ಕೆಲ್ಲಿ 1976ರ ಅಕ್ಟೋಬರ್‌ನಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿ ರಿಪ್ಯಾಕ್ ಎಂಬ ಇಳಿಜಾರಿನ ಸ್ಪರ್ಧೆಯನ್ನು ಆರಂಭಿಸಿದರು. ಆ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಇತ್ತು. ಕೆಳಗೆ ತಲುಪುವಷ್ಟರಲ್ಲಿ ಅದು ಕಾದು, ಚಕ್ರದ ನಡುವಿನ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಜೋ ಬ್ರೀಜ್ 1977ರಲ್ಲಿ ಇದೇ ಬಳಕೆಗೆಂದು ಹೊಸ ಫ್ರೇಮ್ ಕಟ್ಟಿದರು. ಸ್ಪೆಷಲೈಜ್ಡ್ ಸಂಸ್ಥೆಯ ಸ್ಟಂಪ್‌ಜಂಪರ್ 1981ರಲ್ಲಿ ಬಂದ ಮೇಲೆ ಇಂಥ ಸೈಕಲ್ ಅಂಗಡಿಯಲ್ಲಿ ಕೊಳ್ಳಬಹುದಾದ ವಸ್ತುವಾಯಿತು. ಆದರೆ ಹುಟ್ಟಿದ ಮನೆಯಲ್ಲೇ ಈ ಕ್ರೀಡೆಗೆ ಜಾಗ ಸಿಗಲಿಲ್ಲ. ಮೌಂಟ್ ಟ್ಯಾಮಲ್ಪಾಯಿಸ್ ಬೆಟ್ಟದ ಕಿರಿದಾದ ಕಾಲುದಾರಿಗಳಿಗೆ ಸೈಕಲ್ ಬರುವುದನ್ನು ಚಾರಣಿಗರೂ ಕುದುರೆ ಸವಾರರೂ ವಿರೋಧಿಸಿದರು. ಸೈಕಲ್ಲುಗಳು ಬೆಂಕಿ ತಡೆಗೆಂದು ಮಾಡಿದ ಅಗಲ ರಸ್ತೆಗಳಿಗೆ ಸೀಮಿತವಾದವು. ಅಲ್ಲಿಯೂ ಗಂಟೆಗೆ 15 ಮೈಲಿಯ ವೇಗಮಿತಿ ವಿಧಿಸಿ, ರೇಂಜರುಗಳು ರೇಡಾರ್ ಹಿಡಿದು ನಿಲ್ಲುವಷ್ಟರ ಮಟ್ಟಿಗೆ ವಿಷಯ ಬೆಳೆಯಿತು. ಅಮೆರಿಕದ ಸವಾರರು ಮುಂದೆ ಹಲವು ದಶಕಗಳ ಕಾಲ ತಮ್ಮ ಶಕ್ತಿಯ ದೊಡ್ಡ ಪಾಲನ್ನು ಹಾದಿಯ ಹಕ್ಕಿಗಾಗಿ ವ್ಯಯಿಸಬೇಕಾಗಿ ಬಂದದ್ದು ಹೀಗೆ. 1988ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘದ ಮುಖ್ಯ ಕೆಲಸವೇ ಅದಾಗಿತ್ತು.

ವ್ಯಾಂಕೂವರ್‌ನ ಕಥೆ ಬೇರೆ. ನಗರದ ಉತ್ತರಕ್ಕಿರುವ ಫ್ರೋಮ್, ಸೀಮೋರ್, ಸೈಪ್ರೆಸ್ ಬೆಟ್ಟಗಳು ಮಳೆಕಾಡಿನಿಂದ ತುಂಬಿವೆ. ನೆಲದ ಮೇಲೆ ಬೇರುಗಳ ಬಲೆ, ಅದರ ನಡುವೆ ಕೆಸರು, ಅಡ್ಡಲಾಗಿ ಬಿದ್ದ ಸೀಡರ್ ಮರಗಳು. ಅಲ್ಲಿನವರು 1980 ಮತ್ತು 90ರ ದಶಕಗಳಲ್ಲಿ, ಹೆಚ್ಚಿನ ಕಡೆ ಯಾರ ಅನುಮತಿಯನ್ನೂ ಕೇಳದೆ, ಆ ಬಿದ್ದ ಮರಗಳನ್ನೇ ಸೀಳಿ, ಪಟ್ಟಿಗಳನ್ನು ಏಣಿಯ ಮೆಟ್ಟಿಲುಗಳಂತೆ ಒತ್ತೊತ್ತಾಗಿ ಹೊಡೆದು, ಕೆಸರಿನ ಮೇಲೆ ಸಂಕಗಳನ್ನು ಕಟ್ಟಿದರು. ಮೊದಮೊದಲು ಕೆಸರು ದಾಟಲೆಂದು ಕಟ್ಟಿದ ಸಂಕ ಬರಬರುತ್ತ ನೆಲದಿಂದ ಮೇಲೆದ್ದು, ಕಿರಿದಾಗಿ, ಕೊನೆಗೆ ಸವಾರನ ಧೈರ್ಯವನ್ನೇ ಪರೀಕ್ಷಿಸುವ ಕಟ್ಟಡವಾಯಿತು. ‘ಡೇಂಜರಸ್’ ಡ್ಯಾನ್ ಕೋವನ್, ‘ಡಿಗರ್’ ಎಂದೇ ಹೆಸರಾದ ಟಾಡ್ ಫಿಯಾಂಡರ್ ಅವರಂಥವರು ಈ ಕುಶಲಕಲೆಯ ಪ್ರವರ್ತಕರು. ಇಂಥ ಹಾದಿಯಲ್ಲಿ ಹಗುರವಾದ ರೇಸ್ ಸೈಕಲ್ ಉಳಿಯುವುದಿಲ್ಲ. ರಾಕಿ ಮೌಂಟನ್, ನಾರ್ಕೋ ಮುಂತಾದ ಅಲ್ಲಿಯದೇ ಸಂಸ್ಥೆಗಳು ಭಾರವಾದ, ಗಟ್ಟಿಮುಟ್ಟಾದ, ಉದ್ದ ಸಸ್ಪೆನ್ಷನ್ನಿನ ಸೈಕಲ್ಲುಗಳನ್ನು ಮಾಡಲೇಬೇಕಾಯಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಸೇರಿದ್ದು ಏರು ಇಳಿಜಾರುಗಳ ಕ್ರಾಸ್ ಕಂಟ್ರಿ ಓಟ; ಅದೇ ವರ್ಷಗಳಲ್ಲಿ ವ್ಯಾಂಕೂವರ್‌ನ ಹುಡುಗರು ಸಮಯ ಅಳೆಯುವುದನ್ನೇ ಬಿಟ್ಟು, ಹಾದಿಯ ಮೇಲೆ ಏನೇನು ಮಾಡಬಹುದು ಎಂಬುದನ್ನೇ ಆಟವನ್ನಾಗಿ ಮಾಡಿಕೊಂಡಿದ್ದರು.

ಈ ಪರಂಪರೆಯ ಪಕ್ಕದಲ್ಲೇ, ಬೇಸಿಗೆಯಲ್ಲಿ ಖಾಲಿ ನಿಲ್ಲುತ್ತಿದ್ದ ಲಿಫ್ಟುಗಳಿದ್ದ ಸ್ಕೀ ಸಂಸ್ಥೆಯೊಂದಿತ್ತು. 1999ರಲ್ಲಿ ವಿಸ್ಲರ್ ಪಾರ್ಕ್ ವ್ಯವಸ್ಥಿತವಾಗಿ ಆರಂಭವಾದಾಗ ಈ ಎರಡೂ ಕೂಡಿಕೊಂಡವು. ಕಾಡಿನಲ್ಲಿ ಕದ್ದು ಕಟ್ಟಿದ ಹಾದಿಗಳಿಂದ ಬೆಳೆದ ಕೌಶಲ ಈಗ ಸಂಬಳದ ಕೆಲಸವಾಯಿತು. ಸನಿಕೆಯ ಜಾಗಕ್ಕೆ ಮಣ್ಣು ಅಗೆಯುವ ಯಂತ್ರ ಬಂತು. 2016ರಿಂದ ಈ ಸ್ಕೀ ತಾಣದ ಒಡೆತನದ ಬಹುಪಾಲು ಅಮೆರಿಕದ ವೇಲ್ ರೆಸಾರ್ಟ್ಸ್ ಸಂಸ್ಥೆಯ ಕೈಯಲ್ಲಿದೆ.

ಪಾರ್ಕಿನ ಹಾದಿಗಳ ಗುಣಮಟ್ಟದ ವಿಷಯದಲ್ಲಿ ನನ್ನ ಮೆಚ್ಚುಗೆಗೆ ಮಿತಿಯಿಲ್ಲ. ಊರಿನ ಚೌಕದಿಂದಲೇ ಹೊರಡುವ ಫಿಟ್ಜ್‌ಸಿಮನ್ಸ್ ಲಿಫ್ಟ್ ಕೆಳಗಿನ ವಲಯಕ್ಕೂ, ಅದರ ಮೇಲಿನ ಗಾರ್ಬಾಂಜೋ ಲಿಫ್ಟ್ ಇನ್ನೂ ಉದ್ದದ, ಇನ್ನೂ ಒರಟಾದ ಹಾದಿಗಳಿಗೂ ಕರೆದೊಯ್ಯುತ್ತವೆ. ಬೇಸಿಗೆಯ ನಡುವೆ ಹಿಮ ಕರಗಿದ ಮೇಲೆ ಶಿಖರದ ಬಳಿಯಿಂದ ಹೊರಡುವ ‘ಟಾಪ್ ಆಫ್ ದ ವರ್ಲ್ಡ್’ ಹಾದಿ ತೆರೆಯುತ್ತದೆ. ಅಲ್ಲಿಂದ ಊರಿನವರೆಗೆ ಸುಮಾರು 1,500 ಮೀಟರ್ ಇಳಿಯಬಹುದು. ಹಸಿರು ಬಣ್ಣದ ಸುಲಭ ಹಾದಿಯಿಂದ ಹಿಡಿದು ಕಪ್ಪು ವಜ್ರಾಕೃತಿಯ ಕಠಿಣ ಹಾದಿಯವರೆಗೆ ಗುರುತುಗಳು ಸ್ಪಷ್ಟವಾಗಿವೆ. ಒಂದು ಹಂತದಿಂದ ಇನ್ನೊಂದಕ್ಕೆ ಏರುವ ಅಂತರ ಎಲ್ಲಿಯೂ ಹಠಾತ್ತಾಗಿಲ್ಲ. ‘ಈಜಿ ಡಸ್ ಇಟ್’ ಹಾದಿಯ ಅಗಲವಾದ ತಿರುವುಗಳಲ್ಲಿ ಸೈಕಲ್ಲನ್ನು ಓರೆಯಾಗಿಸುವುದನ್ನು ಕಲಿತವರು ‘ಬಿ-ಲೈನ್’ಗೆ, ಅಲ್ಲಿ ಹದಕ್ಕೆ ಬಂದವರು ‘ಕ್ರ್ಯಾಂಕ್ ಇಟ್ ಅಪ್’ನ ಸಣ್ಣ ಜಿಗಿತಗಳಿಗೆ, ಆಮೇಲೆ ‘ಎ-ಲೈನ್’ಗೆ ಹೋಗಬಹುದು. ಕಲಿಕೆಯ ಇಂಥ ಮೆಟ್ಟಿಲುಗಳನ್ನು ಇಷ್ಟು ಅಚ್ಚುಕಟ್ಟಾಗಿ ಜೋಡಿಸಿಟ್ಟ ಇನ್ನೊಂದು ಜಾಗವನ್ನು ನಾನು ನೋಡಿಲ್ಲ.

ಎ-ಲೈನ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜಗತ್ತಿನ ಅನೇಕ ಬೈಕ್ ಪಾರ್ಕುಗಳು ಅನುಕರಿಸಿದ ಹಾದಿ ಇದು. ಮೇಲಿನಿಂದ ಕೆಳಗಿನವರೆಗೆ ಇದರಲ್ಲಿರುವುದು ಒಂದರ ಹಿಂದೆ ಒಂದು ಜಿಗಿತ. ಪ್ರತಿ ಜಿಗಿತದಲ್ಲೂ ಹಾರಿಸುವ ಏರು, ನಡುವೆ ಸಮತಟ್ಟಾದ ಮಣ್ಣಿನ ಜಗಲಿ, ಆಚೆ ಇಳಿಯುವ ಇಳಿಜಾರು ಎಂಬ ಮೂರು ಭಾಗಗಳಿವೆ. ನಡುವೆ ಕಂದಕ ಇಲ್ಲದಿರುವುದೇ ಇದರ ಜಾಣತನ: ವೇಗ ಸಾಲದೆ ಸವಾರ ಪೂರ್ತಿ ದಾಟದಿದ್ದರೂ ಜಗಲಿಯ ಮೇಲೆ ಧೊಪ್ಪೆಂದು ಇಳಿಯುತ್ತಾನೆಯೇ ಹೊರತು ಗುಂಡಿಗೆ ಬೀಳುವುದಿಲ್ಲ. ಇಳಿಜಾರಿನ ಕೋನವನ್ನೂ ಜಿಗಿತಗಳ ನಡುವಿನ ದೂರವನ್ನೂ ಹೊಂದಿಸಿರುವ ರೀತಿ ಹೇಗಿದೆಯೆಂದರೆ, ಪೆಡಲ್ ತುಳಿಯದೆ, ಬ್ರೇಕ್ ಹಿಡಿಯದೆ ಬಂದವನ ವೇಗ ಮುಂದಿನ ಜಿಗಿತಕ್ಕೆ ಸರಿಯಾಗಿ ಸಾಕಾಗುತ್ತದೆ. ಏರಿನ ಅಂಚಿಗೆ ಬಂದಾಗ ಹೆದರಿ ಬ್ರೇಕ್ ಒತ್ತಿದರೆ ಮಾತ್ರ ತೊಂದರೆ. ಮುಂದಿನ ಚಕ್ರ ತಗ್ಗಿ, ಸವಾರ ಹ್ಯಾಂಡಲಿನ ಮೇಲಿನಿಂದ ಉರುಳುವ ಸಂಭವ ಆಗಲೇ ಹೆಚ್ಚು. ಇದೇ ಕಾರಣಕ್ಕೆ, ಎ-ಲೈನ್ ಕಪ್ಪು ಗುರುತಿನ ಹಾದಿ ಎನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನೋಡುವುದಕ್ಕೆ ಅದು ನುಣುಪಾಗಿದೆ. ಅದರ ಕಷ್ಟ ವೇಗದಲ್ಲಿದೆ.

ಬೇಸಿಗೆ ಬಲಿತಂತೆ ಹಾದಿಗಳ ಇನ್ನೊಂದು ಮುಖ ಕಾಣುತ್ತದೆ. ಜುಲೈ ಕೊನೆಯ ಹೊತ್ತಿಗೆ ಮಣ್ಣು ಒಣಗಿ ಪುಡಿಯಾಗುತ್ತದೆ. ಪ್ರತಿ ತಿರುವಿನ ಮೊದಲು ಸಾವಿರಾರು ಜನ ಬ್ರೇಕ್ ಹಿಡಿದ ಜಾಗದಲ್ಲಿ ಗಟ್ಟಿ ಅಲೆಗಳಂಥ ಉಬ್ಬುಗಳೇಳುತ್ತವೆ. ದಿನದ ಕೊನೆಗೆ ಮುಂಗೈ ಮರಗಟ್ಟಿ ಬೆರಳು ಮಡಿಸಲಾಗದಂತಾಗುವುದು ಇದರಿಂದಲೇ. ಪಾರ್ಕಿನ ಸಿಬ್ಬಂದಿ ಸರದಿಯಂತೆ ಹಾದಿಗಳನ್ನು ದುರಸ್ತಿ ಮಾಡುತ್ತಲೇ ಇರುತ್ತಾರೆ. ಆದರೆ ಲಿಫ್ಟ್ ಇರುವಲ್ಲಿ ಒಬ್ಬ ಸವಾರ ಒಂದೇ ದಿನದಲ್ಲಿ ಇಳಿಯುವಷ್ಟು ಇಳಿತವನ್ನು ಸ್ವಂತ ಕಾಲಿನಲ್ಲಿ ಏರಬೇಕಾದ ಕಡೆ ಒಂದು ವಾರದಲ್ಲೂ ಇಳಿಯಲಾರ. ಹಾದಿ ಸವೆಯುವುದು ಅದೇ ಪ್ರಮಾಣದಲ್ಲಿ.

ಸ್ವಂತ ಕಾಲಿನಲ್ಲಿ ಏರುವ ಸಂಸ್ಕೃತಿಯನ್ನು ನೋಡಬೇಕೆಂದರೆ ಸ್ಕಾಟ್ಲೆಂಡ್‌ಗೆ ಹೋಗಬೇಕು. ಹಣಕ್ಕೆ ತಕ್ಕ ಮೌಲ್ಯ ಎಂಬ ದೃಷ್ಟಿಯಿಂದ ವಿಸ್ಲರ್‌ಗೆ ಎದುರಾಗಿ ಇಡಬೇಕಾದ ಹೆಸರು ಪೀಬಲ್ಸ್ ಊರಿನ ಬಳಿಯ ಗ್ಲೆಂಟ್ರೆಸ್. ಬ್ರಿಟನ್ನಿನಲ್ಲಿ ಸೈಕಲ್ಲಿಗೆಂದೇ ಹಾದಿ ಕಟ್ಟುವ ಪ್ರಯೋಗ 1990ರ ದಶಕದಲ್ಲಿ ವೇಲ್ಸ್‌ನ ಕೋಯೆಡ್ ಅ ಬ್ರೆನಿನ್ ಕಾಡಿನಲ್ಲಿ ನೆಲೆಯೂರಿತು. 2001ರಲ್ಲಿ ಕಾಲುಬಾಯಿ ಜ್ವರ ಹರಡಿ ಹಳ್ಳಿಗಾಡಿನ ಬದುಕೂ ಪ್ರವಾಸೋದ್ಯಮವೂ ನೆಲಕಚ್ಚಿದ್ದ ಸಂದರ್ಭದಲ್ಲಿ, ದಕ್ಷಿಣ ಸ್ಕಾಟ್ಲೆಂಡ್‌ನ ಸರ್ಕಾರಿ ನೆಡುತೋಪುಗಳಲ್ಲಿ ಅರಣ್ಯ ಇಲಾಖೆಯೇ ಮುಂದೆ ನಿಂತು ‘ಸೆವೆನ್ ಸ್ಟೇನ್ಸ್’ ಎಂಬ ಹೆಸರಿನಲ್ಲಿ ಸೈಕಲ್ ಕೇಂದ್ರಗಳ ಸರಣಿಯನ್ನು ಬೆಳೆಸಿತು. ಗ್ಲೆಂಟ್ರೆಸ್ ಆ ಸರಣಿಯ ಒಂದು ಕೇಂದ್ರ. ಅಲ್ಲಿ ಲಿಫ್ಟ್ ಇಲ್ಲ, ಪ್ರವೇಶ ಶುಲ್ಕವೂ ಇಲ್ಲ. ಕಾರು ನಿಲ್ಲಿಸಲು ಹಣ ಕೊಟ್ಟು, ಉದ್ದನೆಯ ಏರನ್ನು ತುಳಿದು ಹತ್ತಿ, ಇಳಿದು ಬಂದು, ಒದ್ದೆ ಬಟ್ಟೆಯಲ್ಲೇ ಕೆಫೆಯಲ್ಲಿ ಕೂತು ಸೂಪು ಕುಡಿಯುವುದು ಅಲ್ಲಿನ ವಾಡಿಕೆ. ವರ್ಷವಿಡೀ ಮಳೆ ಹೊಡೆಯುವ ನಾಡಾದ್ದರಿಂದ ಹಾದಿಗಳಿಗೆ ಕಲ್ಲು, ಜಲ್ಲಿ ಹಾಸಿ ಗಟ್ಟಿ ಮಾಡಿದ್ದಾರೆ. ಹೀಗಾಗಿ ಡಿಸೆಂಬರ್‌ನಲ್ಲೂ ಸವಾರಿ ನಿಲ್ಲುವುದಿಲ್ಲ.

ಸ್ಕಾಟ್ಲೆಂಡ್ ಜನರಿಗೆ ಇದಕ್ಕಿಂತ ದೊಡ್ಡದೊಂದು ಕೊಡುಗೆ ಅಲ್ಲಿನ ಭೂಸುಧಾರಣಾ ಕಾಯ್ದೆಯಿಂದ ಬಂದಿದೆ. 2003ರ ಈ ಕಾಯ್ದೆ, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೇ ಆದರೂ ಖಾಸಗಿ ಎಸ್ಟೇಟುಗಳೂ ಸೇರಿದಂತೆ ಹೆಚ್ಚಿನ ನೆಲದ ಮೇಲೆ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಸಂಚರಿಸುವ ಹಕ್ಕನ್ನು ಕೊಟ್ಟಿತು. ಪಕ್ಕದ ಇಂಗ್ಲೆಂಡ್‌ನಲ್ಲಿ ಅಂಥ ಹಕ್ಕಿಲ್ಲ. ಅಲ್ಲಿ ಕುದುರೆಗೆ ಬಿಟ್ಟ ಹಾದಿಗಳಲ್ಲಿ ಸೈಕಲ್ಲಿಗೆ ಅವಕಾಶ ಸಿಕ್ಕಿದ್ದು 1968ರ ಕಾಯ್ದೆಯಿಂದ, ಕಾಲುದಾರಿಗಳಲ್ಲಿ ಇಂದಿಗೂ ಇಲ್ಲ. ಒಂದೇ ದ್ವೀಪ, ಒಂದೇ ಮಳೆ. ಗಡಿ ದಾಟಿದೊಡನೆ ಸವಾರನ ಸ್ಥಾನಮಾನವೇ ಬದಲಾಗುತ್ತದೆ. ವಿಸ್ಲರ್‌ನ ಪಾರ್ಕಿನಲ್ಲಿ ಸವಾರ ಎಷ್ಟೇ ಆದರೂ ಗಿರಾಕಿ. ಸ್ಕಾಟ್ಲೆಂಡ್‌ನ ಬೆಟ್ಟದಲ್ಲಿ ಅವನು ಹಕ್ಕುದಾರ. ನನ್ನ ಒಲವು ಯಾವ ಕಡೆಗಿದೆ ಎನ್ನುವುದನ್ನು ಮುಚ್ಚಿಡುವ ಅಗತ್ಯ ಕಾಣುವುದಿಲ್ಲ: ಈ ಎರಡನೆಯ ವ್ಯವಸ್ಥೆಯೇ ಹೆಚ್ಚು ನ್ಯಾಯವಾದದ್ದು.

ಎರಡೂ ಕಡೆ ಸವಾರಿ ಮಾಡುವವರು ಬಣ್ಣಗಳ ವಿಷಯದಲ್ಲಿ ಎಚ್ಚರ ವಹಿಸಬೇಕು. ಉತ್ತರ ಅಮೆರಿಕದಲ್ಲಿ ಹಸಿರು, ನೀಲಿ, ಕಪ್ಪು ಎಂಬ ಕ್ರಮವಿದೆ. ಬ್ರಿಟನ್ನಿನಲ್ಲಿ ನೀಲಿಗೂ ಕಪ್ಪಿಗೂ ನಡುವೆ ಕೆಂಪು ಬರುತ್ತದೆ, ನಿತ್ಯದ ಸವಾರರ ಹಾದಿ ಅದೇ. ಒಂದು ದೇಶದ ನೀಲಿ ಇನ್ನೊಂದರ ನೀಲಿಗೆ ಸಮ ಎಂದು ಎಣಿಸಿ ಹೊರಡುವುದು ಅಪಾಯ.

ಆಲ್ಪ್ಸ್ ಪರ್ವತಗಳ ದೇಶಗಳಲ್ಲೂ ಕಾನೂನೇ ಹಾದಿಯನ್ನು ಎಳೆದಿದೆ. ಆಸ್ಟ್ರಿಯಾದ 1975ರ ಅರಣ್ಯ ಕಾಯ್ದೆ ಜನರಿಗೆ ಕಾಡಿನಲ್ಲಿ ನಡೆದಾಡುವ ಹಕ್ಕು ಕೊಟ್ಟಿತೇ ಹೊರತು ಸೈಕಲ್ ತುಳಿಯುವುದಕ್ಕೆ ಒಡೆಯನ ಒಪ್ಪಿಗೆ ಬೇಕೆಂದಿತು. ಸವಾರರು ಅಲ್ಲಿ ಲಿಫ್ಟ್ ಇರುವ ಬೈಕ್ ಪಾರ್ಕುಗಳಿಗೂ ಒಪ್ಪಂದದಿಂದ ಗುರುತಿಸಿದ ಹಾದಿಗಳಿಗೂ ಸೇರಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಕಾಡಿನಲ್ಲಿ ಎರಡು ಮೀಟರಿಗಿಂತ ಕಿರಿದಾದ ದಾರಿಯಲ್ಲಿ ಸೈಕಲ್ಲಿಗೆ ನಿಷೇಧವಿದೆ. ಫ್ರಾನ್ಸ್‌ನವರದು ಇನ್ನೊಂದು ಬಗೆಯ ಉತ್ಸಾಹ. 1995ರಲ್ಲಿ ಆಲ್ಪ್ ದ್ಯುಯೆಜ್‌ನಲ್ಲಿ ಶುರುವಾದ ಮೆಗಾವಲಾಂಶ್ ಸ್ಪರ್ಧೆಯಲ್ಲಿ ಸುಮಾರು 3,300 ಮೀಟರ್ ಎತ್ತರದ ಹಿಮನದಿಯ ಮೇಲಿಂದ ನೂರಾರು ಸವಾರರು ಒಟ್ಟಿಗೇ ಹೊರಡುತ್ತಾರೆ. ನ್ಯೂಜಿಲೆಂಡ್‌ನಲ್ಲಿ 1974ರಿಂದ ಜಾರಿಯಲ್ಲಿರುವ ಅಪಘಾತ ಪರಿಹಾರ ಯೋಜನೆಯಡಿ ಗಾಯಗೊಂಡವರ ಚಿಕಿತ್ಸೆಯ ವೆಚ್ಚಕ್ಕೆ ಸರ್ಕಾರಿ ನಿಧಿ ನೆರವಾಗುತ್ತದೆ, ಗಾಯಾಳು ಜಮೀನಿನವನ ಮೇಲೆ ಪರಿಹಾರದ ದಾವೆ ಹೂಡುವಂತಿಲ್ಲ. ರೋಟೊರುವಾ ಊರಿನ ನೆಡುತೋಪಿನಲ್ಲಿ ಹಾದಿಗಳು ಅಷ್ಟು ಹುಲುಸಾಗಿ ಬೆಳೆದಿರುವುದಕ್ಕೆ ಅಲ್ಲಿನ ಸವಾರರ ಶ್ರಮದ ಜೊತೆಗೆ ಈ ನಿರ್ಭಯವೂ ಕಾರಣವೆಂದು ನಾನು ನಂಬುತ್ತೇನೆ. ವಿಸ್ಲರ್‌ನಲ್ಲಿ 2004ರಲ್ಲಿ ಆರಂಭವಾದ ಕ್ರ್ಯಾಂಕ್‌ವರ್ಕ್ಸ್ ಎಂಬ ಮೌಂಟನ್ ಬೈಕ್ ಉತ್ಸವ ಮುಂದೆ ರೋಟೊರುವಾ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗಳಿಗೂ ಹಬ್ಬಿ ಕೆನಡಾದ ಜಿಗಿತದ ಶೈಲಿಯನ್ನು ಅಲ್ಲೆಲ್ಲ ಪಸರಿಸಿದೆ. ಉತ್ಸವ ಮುಗಿದ ಮರುದಿನದಿಂದ ಮಾತ್ರ ಪ್ರತಿ ದೇಶದ ಸವಾರ ತನ್ನ ದೇಶದ ನಿಯಮಕ್ಕೆ ಮರಳುತ್ತಾನೆ.

ನಮ್ಮ ಪರಿಸ್ಥಿತಿಯನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ಮಲೆನಾಡಿನಲ್ಲಿ ಇಳಿಜಾರಿಗೆ ಕೊರತೆಯಿಲ್ಲ; ಆದರೆ ಕಾಡು ಅರಣ್ಯ ಇಲಾಖೆಯದು, ತೋಟ ಖಾಸಗಿಯವರದು, ಸೈಕಲ್ಲಿಗೆಂದು ಗುರುತಾದ ಹಾದಿ ಬಹುಮಟ್ಟಿಗೆ ಇಲ್ಲ. ಬೆಂಗಳೂರಿನ ಎಂಟಿಬಿ (ಮೌಂಟನ್ ಬೈಕ್) ಸವಾರರು ತುರಹಳ್ಳಿ, ಆವಲಹಳ್ಳಿಯಂಥ ಅಂಚಿನ ಕಾಡುಗಳಲ್ಲಿ ಕಲಿತವರು. ಹಿಮಾಚಲದ ಎಂಟಿಬಿ ಹಿಮಾಲಯ ಸ್ಪರ್ಧೆಯೂ ಹಲವು ದಿನಗಳ ಕಾಲ ಜೀಪ್ ರಸ್ತೆಗಳನ್ನು ಏರಿ ಇಳಿಯುವ ಸಹನೆಯ ಪಂದ್ಯ. ಹೀಗೆ ತಯಾರಾದ ಸವಾರರಿಗೆ ಏರುವ ಕಸುವು ಚೆನ್ನಾಗಿರುತ್ತದೆ, ಜಿಗಿದಾಗ ಗಾಳಿಯಲ್ಲಿ ಸೈಕಲ್ಲನ್ನು ಹತೋಟಿಯಲ್ಲಿಡುವ ಅಭ್ಯಾಸ ಇರುವುದಿಲ್ಲ. ಅವರಿಗೆ ನನ್ನ ಸಲಹೆ ಇಷ್ಟೇ: ವಿಸ್ಲರ್‌ನಲ್ಲಿ ಮೊದಲ ದಿನ ತರಬೇತಿಗೆ ಹಣ ಕೊಡಿ. ಪಾರ್ಕಿನ ತರಬೇತುದಾರರು ನಿಲ್ಲುವ ಭಂಗಿ, ಬ್ರೇಕ್ ಹಿಡಿಯುವ ಜಾಗ, ತಿರುವಿನಲ್ಲಿ ನೋಟ ಎಲ್ಲಿರಬೇಕು ಎಂಬುದನ್ನು ತಾಳ್ಮೆಯಿಂದ ತಿದ್ದುತ್ತಾರೆ. ಮಕ್ಕಳಿಗೂ ಮಹಿಳೆಯರಿಗೂ ಪ್ರತ್ಯೇಕ ತರಗತಿಗಳಿರುವುದು ಇಲ್ಲಿನ ಒಳ್ಳೆಯ ಏರ್ಪಾಡುಗಳಲ್ಲೊಂದು.

ಬಾಡಿಗೆ ಸೈಕಲ್ ಪಡೆಯುವಾಗ ಎರಡು ಸಂಗತಿಗಳನ್ನು ಬಾಯಿಬಿಟ್ಟು ಕೇಳಲೇಬೇಕು: ಮುಂದಿನ ಬ್ರೇಕ್ ಯಾವ ಕೈಯದು, ಸಸ್ಪೆನ್ಷನ್ ನಮ್ಮ ತೂಕಕ್ಕೆ ಹೊಂದಿದೆಯೇ. ಭಾರತದಲ್ಲಿ, ಹಾಗೆಯೇ ಬ್ರಿಟನ್ನಿನಲ್ಲಿ, ಬಲಗೈಯ ಬ್ರೇಕ್ ಮುಂದಿನ ಚಕ್ರವನ್ನು ಹಿಡಿಯುತ್ತದೆ. ಉತ್ತರ ಅಮೆರಿಕದಲ್ಲಿ ಎಡಗೈಯದು. ಇಳಿಜಾರಿನಲ್ಲಿ ಗಾಬರಿಯಾದಾಗ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ಊರಿನ ಬಾಡಿಗೆ ಅಂಗಡಿಯೊಂದರಲ್ಲಿ ನನಗೆ ಸೈಕಲ್ ಕೊಟ್ಟವರು ಈ ಮಾತನ್ನು ಹೇಳಲಿಲ್ಲ, ನನ್ನ ತೂಕವನ್ನೂ ಕೇಳಲಿಲ್ಲ. ಮುಂದಿನ ಸಸ್ಪೆನ್ಷನ್ನಿನಲ್ಲಿ ಗಾಳಿ ಎಷ್ಟು ಹೆಚ್ಚಾಗಿತ್ತೆಂದರೆ ಮೊದಲ ಇಳಿತದಲ್ಲೇ ಅಂಗೈಗಳು ಉರಿದವು. ಹಿಂದಿರುಗಿ ಕೇಳಿದ ಮೇಲೆ ಪಂಪು ಹಚ್ಚಿ ಸರಿಪಡಿಸಿದರು, ನಿಜ. ಆದರೆ ದುಬಾರಿ ಬಾಡಿಗೆ ವಸೂಲು ಮಾಡುವ ಅಂಗಡಿ ಇಷ್ಟನ್ನು ಗಿರಾಕಿ ಕೇಳುವ ಮೊದಲೇ ಮಾಡಬೇಕು. ಮತ್ತೊಂದು ಅಂಗಡಿಯಲ್ಲಿ ತೂಕ ಕೇಳಿ, ಸೈಕಲ್ ಮೇಲೆ ನಿಲ್ಲಿಸಿ, ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆಂದು ಅಳೆದು, ಬ್ರೇಕಿನ ಹಿಡಿಗಳನ್ನು ಬೆರಳಿಗೆ ಹೊಂದಿಸಿ ಕೊಟ್ಟರು. ಅದೇ ಹಾದಿಯಲ್ಲಿ ಸವಾರಿ ಎಷ್ಟು ಬೇರೆಯಾಯಿತೆಂದರೆ, ಇಂಥ ಅಂಗಡಿಗಾಗಿ ಅರ್ಧ ಗಂಟೆ ಹೆಚ್ಚು ಕಾಯುವುದು ಲೇಸು ಎಂದು ನಾನು ಯಾರಿಗೂ ಹೇಳಬಲ್ಲೆ.

ವೆಚ್ಚದ ವಿಷಯಕ್ಕೆ ಬಂದರೆ, ಲಿಫ್ಟಿನ ಟಿಕೆಟ್, ಇಳಿಜಾರಿಗೆಂದೇ ಮಾಡಿದ ಡೌನ್‌ಹಿಲ್ ಸೈಕಲ್, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಮತ್ತು ರಕ್ಷಾ ಕವಚಗಳು ಸೇರಿ ಒಬ್ಬರಿಗೆ ಒಂದು ದಿನಕ್ಕೆ 200 ಕೆನಡಾ ಡಾಲರ್ ಸುಲಭವಾಗಿ ದಾಟುತ್ತದೆ. ನಾಲ್ವರ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಟಿಕೆಟ್ ಕೊಳ್ಳುವಾಗ ಹೊಣೆಗಾರಿಕೆಯನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಮಾಡಬೇಕಾಗುತ್ತದೆ. ಬ್ರಿಟಿಷ್ ಕೊಲಂಬಿಯಾದ ನ್ಯಾಯಾಲಯಗಳು ಇಂಥ ಪತ್ರಗಳನ್ನು ಸಾಮಾನ್ಯವಾಗಿ ಎತ್ತಿಹಿಡಿಯುತ್ತವೆ. ಇಷ್ಟು ದೊಡ್ಡ ಜಿಗಿತಗಳನ್ನು ಸಾರ್ವಜನಿಕರಿಗೆ ತೆರೆದಿಡುವ ಧೈರ್ಯ ಸಂಸ್ಥೆಗೆ ಬಂದಿರುವುದರಲ್ಲಿ ಈ ಸಹಿಯ ಪಾಲು ದೊಡ್ಡದು. ಆದ್ದರಿಂದ ಭಾರತದಿಂದ ಬರುವವರು ಪ್ರವಾಸ ವಿಮೆಯ ಷರತ್ತುಗಳನ್ನು ಓದಿಯೇ ಬರಬೇಕು. ಅನೇಕ ಪಾಲಿಸಿಗಳು ಸಾಹಸ ಕ್ರೀಡೆಯ ಗಾಯಗಳನ್ನು ಹೊರಗಿಡುತ್ತವೆ, ಕೆನಡಾದ ನಿವಾಸಿಗಳಲ್ಲದವರಿಗೆ ಅಲ್ಲಿನ ಆಸ್ಪತ್ರೆಯ ಖರ್ಚು ತೀರಾ ಭಾರಿ.

ಟಿಕೆಟ್ಟಿಗೆ ಅಷ್ಟು ತೆತ್ತ ಮೇಲೂ ಪಾರ್ಕಿನ ಬೇಲಿಯಾಚೆ ಹೋಗದೆ ಮರಳುವವರು ಈ ಊರಿನ ಅರ್ಧವನ್ನಷ್ಟೇ ಕಂಡಂತೆ. ವಿಸ್ಲರ್ ಕಣಿವೆಯ ಕಾಡಿನಲ್ಲಿ 1989ರಿಂದಲೂ ವೋರ್ಕಾ ಎಂಬ ಸ್ಥಳೀಯ ಸಂಘ ಹಾದಿಗಳನ್ನು ಕಟ್ಟಿ ಕಾಪಾಡುತ್ತ ಬಂದಿದೆ. ಅವುಗಳಲ್ಲಿ ಸವಾರಿ ಮಾಡಲು ಟಿಕೆಟ್ ಬೇಡ, ಲಿಫ್ಟೂ ಇಲ್ಲ. ‘ಎ ರಿವರ್ ರನ್ಸ್ ಥ್ರೂ ಇಟ್’ ಎಂಬ ಹಾದಿಯಲ್ಲಿ ಮರದ ಕಿರಿದಾದ ಸಂಕಗಳೂ ಬೇರುಗಳೂ ಒಂದರ ಮೇಲೊಂದು ಬರುತ್ತವೆ. ಯಂತ್ರ ಕಡಿದ ಹಾದಿಗಿಂತ ಕೈಯಿಂದ ಕಟ್ಟಿದ ಹಾದಿ ಹೇಗೆ ಬೇರೆ ಎನ್ನುವುದು ಅಲ್ಲಿ ಚಕ್ರದಡಿಯಲ್ಲೇ ತಿಳಿಯುತ್ತದೆ. ಎರಡು ದಿನ ಇರುವವರು ಒಂದು ದಿನವನ್ನು ಪಾರ್ಕಿಗೂ ಇನ್ನೊಂದನ್ನು ಈ ಕಣಿವೆಗೂ ಕೊಡಬೇಕು. ಅಲ್ಲಿಗೆ ಭಾರವಾದ ಡೌನ್‌ಹಿಲ್ ಸೈಕಲ್ ಸಲ್ಲ. ಏರುವಾಗ ಸೀಟನ್ನು ಮೇಲಕ್ಕೂ ಇಳಿಯುವಾಗ ಕೆಳಕ್ಕೂ ಮಾಡಿಕೊಳ್ಳಬಹುದಾದ ಟ್ರೇಲ್ ಸೈಕಲ್ಲನ್ನು ಬಾಡಿಗೆಗೆ ಕೇಳಿ. ಸಾಧ್ಯವಾದರೆ ಸೆಪ್ಟೆಂಬರ್‌ನಲ್ಲಿ ಹೋಗಿ: ಶಾಲೆಗಳು ಶುರುವಾಗಿ ಲಿಫ್ಟಿನ ಸರತಿ ಕರಗಿರುತ್ತದೆ, ಮೊದಲ ಮಳೆಗೆ ಧೂಳಡಗಿ ಮಣ್ಣು ಟಯರನ್ನು ಹಿಡಿಯುವ ಹದಕ್ಕೆ ಬಂದಿರುತ್ತದೆ.